ಎಎಚ್‌ಐ 46ರಿಂದ 11ಕ್ಕೆ ಇಳಿಸಿದೆ: ನನ್ನ ಅನುಭವ

ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ಸ್ಲೀಪ್ ಅಪ್ನಿಯ ರೋಗಕ್ಕೆ ಸಿಪ್ಯಾಪ್ (ಗಾಳಿ ಒತ್ತುವ ಮೆಷಿನ್) ಮಾಸ್ಕ್ ಹಾಕಿಕೊಂಡು ಮಲಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಎಚ್‌ಐ ಅಂದರೆ ನಿದ್ದೆಯಲ್ಲಿ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಇಲ್ಲವೇ ಕಮ್ಮಿಯಾಯಿತು ಎಂಬ ಲೆಕ್ಕ, ಅದಕ್ಕಿಂತ ಹೆಚ್ಚು ವಿವರಿಸುತ್ತ ಕೂರುವುದಿಲ್ಲ. "ಇದು ಒಮ್ಮಿ ಹತ್ತಿತಂದ್ರ ಏರಕೋಂತನ ಹೋಗ್ತದ, ಇಳಿಯಂಗಿಲ್ಲ" ಎಂದು ಗಂಗಾವತಿಯ ನಮ್ಮ ಅಕ್ಕಿ ಗಿರಣಿ ಬಳಗ ತೀರ್ಮಾನಿಸಿಬಿಟ್ಟಿತ್ತು. ಇಳಿಸಿ ತೋರಿಸಿದ್ದೇನೆ.

2017ರ ಸುಮಾರಿಗೆ ಮೊದಲ ನಿದ್ದೆ ಟೆಸ್ಟ್ ಮಾಡಿಸಿದಾಗ ತೂಕ 98 ಕೆಜಿ, ಎಎಚ್‌ಐ 46, ಮೆಷಿನ್ ಗಾಳಿಯ ಪ್ರೆಶರ್ 14. ಟೆಸ್ಟಿಗೆ ಹತ್ತು-ಹನ್ನೆರಡು ಸಾವಿರ, ಮೆಷಿನ್‌ಗೆ ಐವತ್ತರ ಹತ್ತಿರ. ನಿಜವಾಗಿ ಸುಲಿದದ್ದು ಮಾಸ್ಕ್. ಮೇ ತಿಂಗಳ ಬೆವರಿಗೆ ಕುಶನ್ ಜಾರಿ ಜಾರಿ ಹಾಳಾಗುತ್ತಿತ್ತು, ತೌಡಿನ ದೂಳಿಗೆ ಫಿಲ್ಟರ್ ವಾರಕ್ಕೇ ಕಟ್ಟಿಕೊಳ್ಳುತ್ತಿತ್ತು. ಕರೆಂಟ್ ಹೋದರೆ ಇನ್ವರ್ಟರ್ ನಡುರಾತ್ರಿಗೇ ಕೈಕೊಡುತ್ತಿತ್ತು. ಬ್ಯಾಟರಿ ತಿನ್ನುವುದು ನೀರು ಬಿಸಿ ಮಾಡುವ ಹ್ಯೂಮಿಡಿಫೈಯರ್. ಅದನ್ನು ಆರಿಸಿದ ಮೇಲೆ ಬೆಳತನಕ ಓಡಿತು.

ಮೆಷಿನ್ ಪರದೆಯ ಮೇಲೆ ಬೆಳಿಗ್ಗೆ ಎಎಚ್‌ಐ 2, 3 ಎಂದು ಕಂಡು ಎಷ್ಟೋ ಮಂದಿ ರೋಗ ಇಳಿಯಿತು ಅಂದುಕೊಳ್ಳುತ್ತಾರೆ. ಅದು ಗಾಳಿ ಒತ್ತುತ್ತಿರುವಾಗಿನ ಲೆಕ್ಕ. ರೋಗ ಎಲ್ಲಿಗೆ ಬಂದಿದೆ ಎಂದು ತಿಳಿಯಬೇಕಾದರೆ, ಡಾಕ್ಟರನ್ನು ಕೇಳಿಕೊಂಡು, ಮಾಸ್ಕ್ ಇಲ್ಲದೆ ಮತ್ತೆ ಟೆಸ್ಟ್ ಆಗಬೇಕು. ನಾನು ವರ್ಷ-ಎರಡು ವರ್ಷಕ್ಕೊಮ್ಮೆ ಮನೆಯಲ್ಲೇ ಮಾಡಿಸಿದೆ, ಒಂದಕ್ಕೆ ಐದು ಸಾವಿರದ ಆಸುಪಾಸು. ದುಡ್ಡು ದಂಡ ಎಂದವರೇ ಹೆಚ್ಚು. ನಡುವೆ ತೂಕ 105 ದಾಟಿದಾಗ ಎಎಚ್‌ಐ 55ರ ಮೇಲೆ ಹೋಗಿತ್ತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಾಲ್ಕು ವರ್ಷ ಜನರನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಲೆಕ್ಕವೂ ಹೀಗೇ ಇದೆ: ತೂಕ ಶೇ 10 ಏರಿದರೆ ಎಎಚ್‌ಐ ಸುಮಾರು ಶೇ 32 ಏರುತ್ತದೆ, ಶೇ 10 ಇಳಿದರೆ ಸುಮಾರು ಶೇ 26 ಇಳಿಯುತ್ತದೆ.

ಬೆಳಗಿನ ಒಗ್ಗರಣಿ-ಮಿರ್ಚಿ ಬಿಟ್ಟೆ. ರಾತ್ರಿ ಅನ್ನ ಹೋಗಿ ಒಂದೂವರೆ ರೊಟ್ಟಿ, ಪಲ್ಲೆ ಬಂತು. ಒಂದೂವರೆ ವರ್ಷದಲ್ಲಿ 82 ಕೆಜಿಗೆ ಬಂದೆ. ಎಎಚ್‌ಐ 27ಕ್ಕೆ ಇಳಿದು ಅಲ್ಲೇ ನಿಂತಿತು. ಆನ್‌ಲೈನ್‌ನಲ್ಲಿ ತರಿಸಿದ ಮೂಗಿನ ಕ್ಲಿಪ್, ಗದ್ದದ ಪಟ್ಟಿ ಯಾವುದೂ ನಡೆಯಲಿಲ್ಲ, ನಾಲ್ಕೈದು ಸಾವಿರ ಹೋಯಿತು. ಶಂಖವನ್ನೂ ಊದಿದೆ. ಜೈಪುರದಲ್ಲಿ 30 ಜನರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳು ಊದಿದವರ ಎಎಚ್‌ಐ ನಾಲ್ಕೈದು ಕಡಿಮೆಯಾಗಿತ್ತು. ನನಗೆ ಹಗಲಿನ ತೂಕಡಿಕೆ ತುಸು ಕಮ್ಮಿಯಾದಂತೆ ಅನಿಸಿತು, ಅಂಕಿ ಅಲುಗಾಡಲಿಲ್ಲ.

ದಾರಿ ತೋರಿಸಿದ್ದು ಮನೆಯವಳು. "ರೀ, ಮಗ್ಗಲಾದಾಗ ಗೊರಕಿ ಅರ್ಧಕ್ಕರ್ಧ ನಿಲ್ತದ್ರಿ." ಹಳೆಯ ವರದಿ ತೆಗೆದು ನೋಡಿದರೆ ಅದರಲ್ಲೇ ಇತ್ತು: ಅಂಗಾತ ಮಲಗಿದಾಗ 60ರ ಮೇಲೆ, ಮಗ್ಗುಲಲ್ಲಿ 20ರ ಒಳಗೆ. ಅಂಗಾತ ಹೊರಳದಂತೆ ಬೆನ್ನಿಗೆ ಚೆಂಡು ಕಟ್ಟಿಕೊಂಡರೆ ನಿದ್ದೆಯಲ್ಲೇ ಕಿತ್ತೆಸೆಯುತ್ತಿದ್ದೆ. ಕೊನೆಗೆ ಅದೇ ಕೆಲಸಕ್ಕೆ ನಮ್ಮ ಟೇಲರ್ ಹತ್ತಿರ ಜೇಬಿರುವ ದಪ್ಪ ಕಾಟನ್ ಬನಿಯನ್ ಹೊಲಿಸಿದೆ. ಜೇಬು ಎಲ್ಲಿ, ಒಳಗೇನು ತುಂಬಿದೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಅದನ್ನು ತೊಟ್ಟು ಮಾಡಿಸಿದ ಟೆಸ್ಟಿನಲ್ಲಿ 11 ಬಂತು.

ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ರೋಗ ಹೆಚ್ಚುತ್ತದೆ. ನನ್ನ ಮನೆಯವಳಿಗೂ ಗೊರಕೆ ಶುರುವಾಗಿತ್ತು, ಟೆಸ್ಟಿನಲ್ಲಿ 16 ಬಂದಿದೆ. ಅವಳ ಬನಿಯನ್ ಹೊಲಿಗೆಯಲ್ಲಿದೆ.

ನನ್ನ ಮೆಷಿನ್ ಇನ್ನೂ ನಡೆಯುತ್ತಿದೆ, ಡಾಕ್ಟರು ಪ್ರೆಶರ್ ಆಟೋ 6–10ಕ್ಕೆ (ಆ ನಡುವೆ ಮೆಷಿನ್ ತಾನೇ ಹೊಂದಿಸಿಕೊಳ್ಳುವಂತೆ) ಇಳಿಸಿಕೊಟ್ಟಿದ್ದಾರೆ. ವಯಸ್ಸು 54 ಆಯಿತು, ಮತ್ತೆ ಏರಬಹುದು. ಮುಂಗಾರಿನ ಭತ್ತ ಗಿರಣಿಗೆ ಬರುವ ಮೊದಲು ಇಬ್ಬರದೂ ಇನ್ನೊಂದು ಟೆಸ್ಟ್ ಇದೆ.