ಮಹಾಜಂಗಾದಲ್ಲಿ ಕಾನ್ಸುಲರ್ ಶಿಬಿರ: ನಾನು ನಡೆಸಿದ ಬಗೆ

"ಶಿಬಿರದಲ್ಲಿ ತೆಗೆದುಕೊಂಡ ಅರ್ಜಿಗಳಲ್ಲಿ ಅರ್ಧ ವಾಪಸ್ ಬರುತ್ತವೆ, ಬೇಕಾದವರು ರಾಜಧಾನಿಗೇ ಬರಲಿ" ಎಂಬ ಮಾತನ್ನು ಮಡಗಾಸ್ಕರ್‌ನ ರಾಜಧಾನಿ ಅಂತಾನಾನರಿವೊದ ನಮ್ಮ ಭಾರತೀಯ ರಾಯಭಾರ ಕಚೇರಿಯಲ್ಲಿ ಬಹಳ ಸಲ ಕೇಳಿದ್ದೇನೆ. ಕಾನ್ಸುಲರ್ ಶಿಬಿರವೆಂದರೆ ಕಚೇರಿಯವರೇ ದೂರದ ಊರಿಗೆ ಹೋಗಿ ಪಾಸ್‌ಪೋರ್ಟ್ ಮೊದಲಾದ ಅರ್ಜಿಗಳನ್ನು ತೆಗೆದುಕೊಳ್ಳುವುದು. ಈ ಸಲ ಮಹಾಜಂಗಾದಿಂದ ತಂದ ನೂರರ ಆಸುಪಾಸಿನ ಅರ್ಜಿಗಳಲ್ಲಿ ಆಕ್ಷೇಪಣೆ ಬಂದದ್ದು ನಾಲ್ಕೈದಕ್ಕೆ. ಹೇಳಿಕೊಳ್ಳುವಂತಹ ಕೆಲಸ ಎಂದೇ ಬರೆಯುತ್ತಿದ್ದೇನೆ.

ಮಡಗಾಸ್ಕರ್‌ನ ವಾಯವ್ಯ ಕರಾವಳಿಯ ಈ ಬಂದರಿಗೆ ರಾಜಧಾನಿಯಿಂದ ರಸ್ತೆಯಲ್ಲಿ ಐನೂರೈವತ್ತು ಕಿಲೋಮೀಟರ್ ಮೇಲೆಯೇ ಆಗುತ್ತದೆ. ಗುಜರಾತಿ ಮೂಲದ ಕುಟುಂಬಗಳು ತಲೆಮಾರುಗಳಿಂದ ಅಲ್ಲಿವೆ. ಒಂದು ಸಹಿಗಾಗಿ ಅಂಗಡಿ ಮುಚ್ಚಿ, ವಯಸ್ಸಾದ ತಾಯಿಯನ್ನು ಹನ್ನೆರಡು ತಾಸು ಕಾರಿನಲ್ಲಿ ಕೂರಿಸಿಕೊಂಡು ಬನ್ನಿ ಎನ್ನುವುದು ನನಗೆ ಸರಿ ಕಾಣಲಿಲ್ಲ.

ಹಿಂದಿನ ಶಿಬಿರಗಳು ಕೆಟ್ಟದ್ದು ಫೋಟೋದಿಂದ. ಪಾಸ್‌ಪೋರ್ಟ್‌ಗೆ ಬಿಳಿ ಹಿನ್ನೆಲೆ, ಓಸಿಐಗೆ (ಭಾರತೀಯ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಕಾರ್ಡ್) ಬಿಳಿಯಲ್ಲದ ತಿಳಿ ಬಣ್ಣ. ಊರಿನ ಸ್ಟುಡಿಯೋ ಎಲ್ಲರಿಗೂ ಬಿಳಿಯನ್ನೇ ಹಾಕಿ, ಮುಖವನ್ನೂ ಬೆಳ್ಳಗೆ ತಿದ್ದಿ ಕೊಡುತ್ತಿತ್ತು. ಈ ಸಲ ಬಿಳಿಯದೊಂದು, ತಿಳಿ ನೀಲಿಯದೊಂದು ಬಟ್ಟೆ ಒಯ್ದು ಗೋಡೆಗೆ ಕಟ್ಟಿದೆ. ಎದುರಿನ ಕಿಟಕಿಯ ಬೆಳಕಿನಲ್ಲಿ, ಬಿಸಿಲು ಏರುವ ಮೊದಲೇ ಎಲ್ಲರ ಫೋಟೋ ಮುಗಿಸಿದೆ. ಸಹಿಗೆ ರಟ್ಟಿನಲ್ಲಿ ಎತ್ತರ ಒಂದಕ್ಕೆ ಅಗಲ ಮೂರರ ಅಳತೆಯ ಕಿಂಡಿ ಕತ್ತರಿಸಿದ್ದೆ. ರಟ್ಟನ್ನು ಕಾಗದದ ಮೇಲಿಟ್ಟು ಕಿಂಡಿಯೊಳಗೆ ಸಹಿ ಮಾಡಿಸಿದರೆ ಗೆರೆ ಆಚೆ ಹೋಗುವ ಪ್ರಶ್ನೆಯೇ ಇಲ್ಲ. ಕೈ ನಡುಗುವ ಹಿರಿಯರಿಗೆ ರಟ್ಟಿನ ಅಂಚೇ ಆಸರೆಯಾಯಿತು.

ಇನ್ನು ದುಡ್ಡು. ಓಸಿಐ ಶುಲ್ಕ 275 ಡಾಲರ್, ಅಂದರೆ ಅಲ್ಲಿಯ ಹಣ ಅರಿಯಾರಿಯಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು. ಅಲ್ಲಿಯ ಅತಿ ದೊಡ್ಡ ನೋಟು 20,000ದ್ದು. ಒಬ್ಬರಿಗೇ ಅರವತ್ತಕ್ಕೂ ಹೆಚ್ಚು ನೋಟು ಎಣಿಸಬೇಕು. ಐದು ಜನರ ಕುಟುಂಬ ಬಂದರೆ ಮೇಜು ತುಂಬುತ್ತದೆ. ಮೊದಲೇ ಬ್ಯಾಂಕಿಗೆ ಕಟ್ಟಿಸಿ ಚೀಟಿ ತರಿಸಿದೆ. ಲೆಕ್ಕ ತಾಳೆಯಾಗುವುದಿಲ್ಲ ಎಂದು ಲೆಕ್ಕಪತ್ರ ನೋಡುವ ಸಹೋದ್ಯೋಗಿ ಪಟ್ಟು ಹಿಡಿದಿದ್ದರು. ಚೀಟಿಗೂ ಅರ್ಜಿಗೂ ನಾನು ಹಾಕಿದ ಗುರುತಿನಿಂದ ಸಂಜೆಯೊಳಗೆ ಪೈಸೆ ಬಿಡದೆ ತಾಳೆಯಾಯಿತು. ಆ ಗುರುತಿನ ಕ್ರಮ ಮಾತ್ರ ನನ್ನ ಬಳಿಯೇ ಇರಲಿ. ಡೀಸೆಲ್, ಚಾಲಕರ ವಸತಿ, ಬಾಡಿಗೆ ಜನರೇಟರ್ ಎಲ್ಲ ಸೇರಿ ಹಿಂದಿನ ಶಿಬಿರದ ಮುಕ್ಕಾಲು ಖರ್ಚಿನಲ್ಲೇ ಕೆಲಸವಾಯಿತು. ಜನರೇಟರ್‌ಗೆ ಕೊಟ್ಟದ್ದು ದಂಡವಲ್ಲ. ಮಧ್ಯಾಹ್ನ ಕರೆಂಟ್ ಹೋದದ್ದು ಸಂಜೆಯೇ ಬಂದದ್ದು.

ದಾಖಲೆಗಳನ್ನು ಮೂರು ವಾರ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ತರಿಸಿ ನೋಡಿದ್ದೆ. ತಾತನ ಹಳೆಯ ಪಾಸ್‌ಪೋರ್ಟ್‌ನಲ್ಲಿ ಒಂದು ಕಾಗುಣಿತ, ಮೊಮ್ಮಗನ ಫ್ರೆಂಚ್ ಜನನಪತ್ರದಲ್ಲಿ ಇನ್ನೊಂದು: ಹುಸೇನ್ ಎಂಬ ಹೆಸರಿನ 'ಯು' (u) ಅಲ್ಲಿ 'ಓ ಯು' (ou) ಆಗಿರುತ್ತದೆ. ವ್ಯಕ್ತಿಗೊಂದು ಕಡತ ಬಿಟ್ಟು ಕುಟುಂಬಕ್ಕೊಂದು ಕಡತ ಮಾಡಿದೆ, ಮೇಲೆ ವಂಶವೃಕ್ಷದ ಒಂದು ಹಾಳೆ. ಅಣ್ಣನಿಗೆ ಒಪ್ಪಿದ ಪುರಾವೆಯನ್ನು ತಂಗಿಗಾಗಿ ಮತ್ತೆ ಹುಡುಕುವ ಗೋಳು ತಪ್ಪಿತು. ಗುಜರಾತಿ ಅಂಕಿಗಳನ್ನು ಕಲಿತಿದ್ದು ಇಲ್ಲಿ ಬಹಳ ನೆರವಾಯಿತು. ಹಳೆಯ ಶಾಲಾ ಪತ್ರಗಳ ಇಸವಿ ಓದಲು ಯಾರನ್ನೂ ಕೇಳಬೇಕಾಗಲಿಲ್ಲ.

ಜೊತೆಗೇ ಇನ್ನೊಂದನ್ನು ಮಾಡಿ ನೋಡಿದೆ. ಭಾರತೀಯ ಪೌರರ ಮಕ್ಕಳ ಜನನವನ್ನು ವರ್ಷದೊಳಗೆ ನೋಂದಾಯಿಸಬೇಕೆಂಬುದು ಹಲವು ತಂದೆತಾಯಂದಿರಿಗೆ ತಿಳಿದಿರಲಿಲ್ಲ. ಅದಕ್ಕೆಂದೇ ಬೇರೆ ಮೇಜು ಹಾಕಿದೆ. ಹನ್ನೊಂದು ತಿಂಗಳ ಕೂಸೊಂದು ಗಡುವಿನೊಳಗೇ ಸಿಕ್ಕಿತು.

ಮುಂದಿನದು ಉತ್ತರದ ತುದಿಯ ಅಂತ್ಸಿರಾನಾನಾದಲ್ಲಿ, ಮಳೆಗಾಲ ಕಳೆದ ಮೇಲೆ. ಅಲ್ಲಿಗೆ ವಿಮಾನದಲ್ಲಿ ಹೋಗುತ್ತೇನೆ, ಸಾಮಾನಿನ ತೂಕಕ್ಕೆ ಮಿತಿಯಿದೆ. ಪ್ರಿಂಟರ್ ಅನ್ನು ಅಲ್ಲೇ ಗೊತ್ತುಮಾಡಿಕೊಳ್ಳುತ್ತೇನೆ. ಬಟ್ಟೆಗಳನ್ನೂ ರಟ್ಟನ್ನೂ ಕೈಚೀಲದಲ್ಲೇ ಒಯ್ಯುತ್ತೇನೆ.