ಅನುಬಂಧ ಖಾಲಿ ಬಿಡಬೇಡಿ: ಬ್ರಿಟನ್ನಿನಲ್ಲಿ ಸಂಬಳವಿಲ್ಲದ ಪ್ರಾಜೆಕ್ಟಿಗೆ ಸೇರುವ ಕೊಡಗಿನ ವಿದ್ಯಾರ್ಥಿಗಳಿಗೆ

ವೀಸಾ, ಬಾಡಿಗೆ ಮನೆ, ಬ್ಯಾಂಕ್ ಖಾತೆ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಅದನ್ನು ಬಿಡೋಣ. ಇಲ್ಲಿನ ವಿಷಯ ಅದಾದ ಮೇಲಿನದು. ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರವನ್ನೋ ಕುಶಾಲನಗರದಲ್ಲಿ ಎಂಜಿನಿಯರಿಂಗನ್ನೋ ಮುಗಿಸಿ ಎಂ.ಎಸ್ಸಿ.ಗೆ ಬಂದವರಿಗೆ ಜನವರಿ ಹೊತ್ತಿಗೆ ಯಾವುದೋ ಕಂಪನಿಯ ಜೊತೆ ಪ್ರಾಜೆಕ್ಟ್ ಸಿಗುತ್ತದೆ. ಸಂಬಳ ಇಲ್ಲ. ನೀವು ಮಾಡಿದ್ದು ಯಾರದು, ಏನನ್ನು ಗುಟ್ಟಾಗಿಡಬೇಕು ಎಂಬ ಕರಾರು ಎಂಟು ಪುಟದ ಪಿಡಿಎಫ್ ಆಗಿ ಬರುತ್ತದೆ. ಬಸ್ಸಿನಲ್ಲಿ ಕೂತೇ ಫೋನಿನ ಮೇಲೆ ಬೆರಳಾಡಿಸಿ ಸಹಿ ಹಾಕಿ ಕಳಿಸುತ್ತಾರೆ. ನಾವು ಎಡವಿದ ಕಲ್ಲಿಗೇ ಹೊಸಬರೂ ಎಡವುವುದನ್ನು ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಕಡೆ ಕರಾರು ಎಂದರೆ ಛಾಪಾ ಕಾಗದ, ಸಾಕ್ಷಿಗಳು, ನೋಟರಿಯ ಸೀಲು. ಇವೇನೂ ಕಾಣದಿದ್ದರೆ 'ಇದು ಬರೀ ಫಾರಂ' ಅನ್ನಿಸಿಬಿಡುತ್ತದೆ. ಬ್ರಿಟನ್ನಿನಲ್ಲಿ ಇಂಥ ಕರಾರಿಗೆ ಛಾಪಾ ಕಾಗದ ಬೇಕಿಲ್ಲ. ಈಮೇಲಿನಲ್ಲಿ 'ಒಪ್ಪಿದೆ' ಎಂದು ಬರೆದರೂ ಗೋಪ್ಯತೆಯ ಕರಾರು ಕಟ್ಟಿಹಾಕುತ್ತದೆ. ದಾಖಲಾತಿಯ ದಿನ ವಿಶ್ವವಿದ್ಯಾಲಯದ ಪುಟದಲ್ಲಿ ಒತ್ತಿದ ಟಿಕ್ ಕೂಡ ಕರಾರೇ. ಅದರ ನಿಯಮಾವಳಿಯಲ್ಲಿ ಐಪಿ (ಬೌದ್ಧಿಕ ಆಸ್ತಿ) ಬಗ್ಗೆ ಏನಿದೆ ಎಂದು ಆ ದಿನ ಯಾರೂ ತೆರೆದು ನೋಡುವುದಿಲ್ಲ.

ವಿಚಿತ್ರ ಎಂದರೆ ಬ್ರಿಟನ್ನಿನ ಕಾನೂನು ವಿದ್ಯಾರ್ಥಿಯ ಕಡೆಗೇ ವಾಲಿದೆ. 1977ರ ಪೇಟೆಂಟ್ ಕಾಯ್ದೆಯ 39ನೇ ಕಲಂ ಮತ್ತು 1988ರ ಕಾಪಿರೈಟ್ ಕಾಯ್ದೆಯ 11ನೇ ಕಲಂ ಮಾಲೀಕನಿಗೆ ಹಕ್ಕು ಕೊಡುವುದು ನೌಕರ ತನ್ನ ಕೆಲಸದ ಭಾಗವಾಗಿ ಮಾಡಿದ್ದರ ಮೇಲೆ. ಬರೀ ವಿದ್ಯಾರ್ಥಿಯಾಗಿರುವವನು ನೌಕರನಲ್ಲ. ಹಾಗಾಗಿ ನೀವು ಬರೆದ ಕೋಡು, ತೆಗೆದ ಫೋಟೋ, ಹೊಳೆದ ಉಪಾಯ ಬರವಣಿಗೆಯಲ್ಲಿ ಬಿಟ್ಟುಕೊಡುವವರೆಗೂ ನಿಮ್ಮದೇ. ಕಂಪನಿ ಸಹಿ ಕೇಳುವುದೂ ಇದೇ ಕಾರಣಕ್ಕೆ.

ಬಿಟ್ಟುಕೊಡುವುದರಲ್ಲಿ ಎರಡು ಬಗೆ. ಮೆಣಸಿನ ಫಸಲನ್ನು ಬಳ್ಳಿಯಲ್ಲಿದ್ದಾಗಲೇ ವ್ಯಾಪಾರಿಗೆ ಒಂದು ವರ್ಷದ ಮಟ್ಟಿಗೆ ಗುತ್ತಿಗೆ ಕೊಡುತ್ತೀರಲ್ಲ, ಲೈಸೆನ್ಸ್ ಎಂದರೆ ಅಷ್ಟೇ. ಫಸಲು ಅವನದು, ಬಳ್ಳಿ ನಿಮ್ಮದು. ಅಸೈನ್‌ಮೆಂಟ್ ಎಂದರೆ ಕ್ರಯಪತ್ರ, ತೋಟವೇ ಹೋಯಿತು. ಕಾಲೇಜಿನ ಅಸೈನ್‌ಮೆಂಟಿಗೂ ಇದಕ್ಕೂ ಸಂಬಂಧವಿಲ್ಲ. ಹೆಸರು ನೋಡಿ ಮೋಸ ಹೋಗಬೇಡಿ. 'ಎಗ್ರೀಸ್ ಟು ಅಸೈನ್' ಎಂದಿದ್ದರೆ ಮುಂದೆ ಬರೆದುಕೊಡುತ್ತೇನೆ ಎಂಬ ಮಾತು. 'ಹಿಯರ್‌ಬೈ ಅಸೈನ್ಸ್' ಎಂದಿದ್ದರೆ ಈಗಲೇ ಬರೆದುಕೊಟ್ಟಾಯಿತು. ಕಾಪಿರೈಟಿನ ಮಟ್ಟಿಗೆ ಇನ್ನೂ ಬರೆಯದ ಕೋಡು ಕೂಡ ಹುಟ್ಟುವಾಗಲೇ ಕಂಪನಿಯದಾಗಿ ಹುಟ್ಟುತ್ತದೆ.

ಕೊನೆಯ ಪುಟದಲ್ಲಿ 'ಎಕ್ಸಿಕ್ಯೂಟೆಡ್ ಆ್ಯಸ್ ಎ ಡೀಡ್' ಎಂಬ ಸಾಲೂ ಸಾಕ್ಷಿಯ ಜಾಗವೂ ಇದೆಯೇ ನೋಡಿ. ಇಂಗ್ಲೆಂಡಿನಲ್ಲೂ ಪ್ರತಿಫಲ (ಬದಲಿಗೆ ಕೊಡುವ ಏನಾದರೊಂದು) ಇಲ್ಲದ ಸಾದಾ ಕರಾರು ನಿಲ್ಲುವುದಿಲ್ಲ. ಸಂಬಳ ಕೊಡದವರಿಂದ ಪ್ರತಿಫಲ ಎಲ್ಲಿಂದ ಬರಬೇಕು? ಅದಕ್ಕಾಗಿ ಒಂದು ಪೌಂಡ್ ಎಂದು ಬರೆಯುತ್ತಾರೆ, ಇಲ್ಲವೇ ಡೀಡ್, ಅಂದರೆ ಸಾಕ್ಷಿಯ ಮುಂದೆ ಸಹಿ ಹಾಕುವ ವಿಧ್ಯುಕ್ತ ಪತ್ರ, ಮಾಡುತ್ತಾರೆ. ಡೀಡಿಗೆ ಪ್ರತಿಫಲ ಬೇಡ. ಸಾದಾ ಕರಾರು ಮುರಿದರೆ ದಾವೆ ಹಾಕಲು 6 ವರ್ಷ, ಡೀಡ್ ಆದರೆ 12 ವರ್ಷ. ಸಾಕ್ಷಿಗೆಂದು ರೂಮ್‌ಮೇಟನ್ನು ಕರೆಯುವ ಮುಂಚೆ ಇದು ಗೊತ್ತಿರಲಿ. ಸ್ಕಾಟ್ಲೆಂಡಿನ ಕಾನೂನೇ ಬೇರೆ. ಎಡಿನ್‌ಬರೋ, ಗ್ಲಾಸ್ಗೋಗೆ ಹೋದವರು ಪ್ರತಿಫಲ ಇಲ್ಲ ಎಂಬ ವಾದವನ್ನೇ ಮರೆಯಿರಿ, ಅಲ್ಲಿ ಅದು ಬೇಕಾಗುವುದೇ ಇಲ್ಲ.

ಈಗ ಹೊಸಬರು ದುಡ್ಡನ್ನೂ ಸಮಯವನ್ನೂ ಕಳೆದುಕೊಳ್ಳುವ ಜಾಗ: ಬ್ಯಾಕ್‌ಗ್ರೌಂಡ್ ಐಪಿ.

ಪ್ರಾಜೆಕ್ಟ್ ಶುರುವಾಗುವ ಮುಂಚೆಯೇ ನಿಮ್ಮ ಬಳಿ ಇದ್ದದ್ದು ಬ್ಯಾಕ್‌ಗ್ರೌಂಡ್. ಪ್ರಾಜೆಕ್ಟಿನಲ್ಲಿ ಹುಟ್ಟಿದ್ದು ಅರೈಸಿಂಗ್ ಅಥವಾ ಫೋರ್‌ಗ್ರೌಂಡ್. ನೇರವಾದ ಕರಾರಿನಲ್ಲಿ ಎರಡನೆಯದು ಮಾತ್ರ ಕಂಪನಿಗೆ ಹೋಗುತ್ತದೆ. ಮೊದಲನೆಯದನ್ನು ಕೊನೆಯ ಅನುಬಂಧದಲ್ಲಿ ಪಟ್ಟಿ ಮಾಡಬೇಕು. ಆ ಅನುಬಂಧ ಖಾಲಿ ಇರುತ್ತದೆ. 'ನನ್ನ ಹತ್ತಿರ ಏನಿದೆ, ನಾನಿನ್ನೂ ವಿದ್ಯಾರ್ಥಿ' ಎಂದುಕೊಂಡು ಖಾಲಿಯೇ ಬಿಟ್ಟು ಸಹಿ ಹಾಕುತ್ತಾರೆ. ಕೆಲವು ಕರಾರುಗಳಲ್ಲಿ ಇನ್ನೊಂದು ಸಾಲಿರುತ್ತದೆ: ಪಟ್ಟಿಯಲ್ಲಿ ಇಲ್ಲದ್ದೆಲ್ಲ ಪ್ರಾಜೆಕ್ಟಿನಲ್ಲೇ ಹುಟ್ಟಿದ್ದು ಎಂದು ಭಾವಿಸತಕ್ಕದ್ದು.

ಕೊಡಗಿನವರ ಕೈಯಲ್ಲಿ ಏನೂ ಇಲ್ಲವೇ? ತೋಟದ ಮನೆಯ ಮಳೆ ಪುಸ್ತಕ ಇದೆ. ಬೆಳಿಗ್ಗೆ ಮಳೆಮಾಪಕ ಎತ್ತಿ, ಇಂಚು ಸೆಂಟಿನ (ಇಂಚಿನ ನೂರನೇ ಭಾಗ) ಲೆಕ್ಕದಲ್ಲಿ ಅಜ್ಜ ಬರೆದು, ಅಪ್ಪ ಮುಂದುವರಿಸಿದ ಪುಸ್ತಕ. ಮಾರ್ಚಿಯ ಹೂಮಳೆ ಯಾವ ದಿನ ಬಂತು, ಎಷ್ಟು ಸೆಂಟು, ಆ ವರ್ಷ ರೊಬಸ್ಟಾ ಎಷ್ಟು ಚೀಲ, ಎಲ್ಲ ಅದರಲ್ಲಿದೆ. ಬಿಳಿ ಕಾಂಡಕೊರಕ ಹೊಡೆದ ಅರೇಬಿಕಾ ಗಿಡಗಳ ಫೋಟೋ ನಿಮ್ಮ ಫೋನಿನಲ್ಲಿವೆ. ಬಿ.ಇ. ಓದುವಾಗ ಕಣದ ಕಾಫಿಯ ತೇವ ಅಳೆಯಲು ಬರೆದ ಕೋಡು ಗಿಟ್‌ಹಬ್‌ನಲ್ಲಿದೆ. ಹವಾಮಾನದ್ದೋ ಬೆಳೆ ರೋಗದ್ದೋ ಕಂಪ್ಯೂಟರ್ ಮಾದರಿ ಕಟ್ಟುವ ಕಂಪನಿಗೆ ಇದು ದುಡ್ಡು ಕೊಟ್ಟರೂ ಸಿಗದ ಸರಕು. ಮೊದಲ ವಾರದ ಮೀಟಿಂಗಿನಲ್ಲಿ ಹುಮ್ಮಸ್ಸಿನಿಂದ 'ನಮ್ಮ ಮನೆಯಲ್ಲಿ ಮೂವತ್ತು ವರ್ಷದ ದಾಖಲೆ ಇದೆ' ಎನ್ನುತ್ತೀರಿ. ಅಂದು ರಾತ್ರಿ ಅಪ್ಪ ಪುಟಗಳ ಫೋಟೋ ತೆಗೆದು ವಾಟ್ಸ್‌ಆ್ಯಪ್ ಮಾಡುತ್ತಾರೆ. ಮರುದಿನ ಅದು ಕಂಪನಿಯ ಡ್ರೈವಿನಲ್ಲಿರುತ್ತದೆ.

ಆ ಪುಸ್ತಕಕ್ಕೆ ಕಾನೂನಿನ ರಕ್ಷಣೆ ಎಷ್ಟಿದೆ ಎಂದು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಫೋಟೋಗಳಿಗೆ ಕಾಪಿರೈಟ್ ತಾನಾಗಿಯೇ ಇದೆ, ತೆಗೆದವರದು. ಕೋಡಿಗೂ ಇದೆ. ಮಳೆಯ ಅಂಕಿಗಳಿಗೆ ಇಲ್ಲ, ಅಂಕಿ ಬರೀ ಸಂಗತಿ. ಬ್ರಿಟನ್ನಿನಲ್ಲಿ 1998ರಿಂದ ದತ್ತಾಂಶ ಸಂಗ್ರಹಕ್ಕೆಂದೇ ಬೇರೆ ಹಕ್ಕೊಂದಿದೆ, 15 ವರ್ಷದ್ದು. ಆದರೆ ಅದು ಬ್ರಿಟಿಷ್ ಪ್ರಜೆಗಳಿಗೆ, ಅಲ್ಲಿ ನೆಲೆಸಿದವರಿಗೆ, ಅಲ್ಲಿನ ಕಂಪನಿಗಳಿಗೆ. ನಾಪೋಕ್ಲಿನ ತೋಟದಲ್ಲಿರುವ ಅಪ್ಪನಿಗೆ ಸಿಗುವುದಿಲ್ಲ. ಭಾರತದಲ್ಲಿ ಅಂಥ ಹಕ್ಕೇ ಇಲ್ಲ. ಹಾಗಾಗಿ ಆ ಪುಸ್ತಕಕ್ಕಿರುವ ಬೇಲಿ ಎರಡೇ: ಅದು ಗುಟ್ಟಾಗಿರುವುದು, ಮತ್ತು ನೀವು ಸಹಿ ಹಾಕುವ ಕಾಗದದ ಮಾತುಗಳು. ಎರಡನ್ನೂ ನೀವೇ ಕಿತ್ತರೆ ಹಿಡಿದು ನಿಲ್ಲಿಸುವವರಿಲ್ಲ. ಅಂಕಿಗಳನ್ನು ಹಾಕಿ ಮಾದರಿಯನ್ನು ತರಬೇತು ಮಾಡಿಬಿಟ್ಟರೆ ವಾಪಸು ಪಡೆಯುವ ದಾರಿಯೂ ಇಲ್ಲ. ಫೈಲ್ ಅಳಿಸಿದ್ದೇವೆ ಎನ್ನುತ್ತಾರೆ, ಮಾದರಿ ಉಳಿದಿರುತ್ತದೆ.

ಇದಕ್ಕಿಂತ ಕಚ್ಚುವ ಸಾಲು ವಾರಂಟಿಯದು. 'ನಾನು ಕೊಡುವುದೆಲ್ಲ ನನ್ನ ಸ್ವಂತದ್ದು, ಬೇರೆಯವರ ಹಕ್ಕು ಅದರಲ್ಲಿಲ್ಲ' ಎಂದು ನೀವು ಖಾತರಿ ಕೊಟ್ಟಿರುತ್ತೀರಿ. ಜೊತೆಗೇ ಇಂಡೆಮ್ನಿಟಿ: ಸುಳ್ಳಾದರೆ ಕಂಪನಿಗಾಗುವ ನಷ್ಟ ನಿಮ್ಮ ತಲೆಗೆ. ಜಮ್ಮಾ ಬಾಣೆಯ (ಕೊಡಗಿನಲ್ಲಿ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ವಂಶಪಾರಂಪರ್ಯವಾಗಿ ಬಂದ ಜಾಗ) ವಿಷಯ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾಗ ಒಕ್ಕದ ಅನುಭೋಗದಲ್ಲಿದ್ದರೂ ಮರದ ಬೆಲೆ ಕಟ್ಟಿ ರಿಡೀಮ್ ಮಾಡದಿದ್ದರೆ ಮರದ ಮೇಲೆ ಸರ್ಕಾರದ ಹಕ್ಕು ಹಾಗೇ ಇರುತ್ತದೆ. ಒಕ್ಕದ ಒಬ್ಬ ಹುಡುಗ ಒಬ್ಬನೇ ಹೋಗಿ ಆ ಮರಕ್ಕೆ ಅಡ್ವಾನ್ಸ್ ತೆಗೆದುಕೊಂಡರೆ ಏನಾಗುತ್ತದೋ, ಅಪ್ಪನ ಪುಸ್ತಕ ತನ್ನದೆಂದು ಸಹಿ ಹಾಕಿದರೂ ಅದೇ ಆಗುತ್ತದೆ. ತನ್ನದಲ್ಲದ್ದನ್ನು ಮಾರಲು ಬರುವುದಿಲ್ಲ, ಆದರೆ ಮಾರಿದ ಸಾಲ ಮೈಮೇಲೆ ಬರುತ್ತದೆ.

ಆದ್ದರಿಂದ ಅನುಬಂಧವನ್ನು ಸಹಿಗೆ ಮೊದಲೇ, ಮೊದಲ ಫೈಲ್ ಅಪ್‌ಲೋಡ್ ಆಗುವ ಮೊದಲೇ ತುಂಬಿ. ಒಂದು ಸಾಲಿಗೆ ಒಂದೇ ವಸ್ತು. 'ಮಳೆ ದಾಖಲೆ, ನಾಪೋಕ್ಲು ಬಳಿಯ ತೋಟ, 1991ರಿಂದ 2023, ದಿನವಹಿ, ಇಂಚುಗಳಲ್ಲಿ, ಮಾಲೀಕರು ತಂದೆ' ಎನ್ನುವಷ್ಟು ಬಿಡಿಯಾಗಿರಲಿ. 'ನನ್ನ ಹಳೆಯ ಡೇಟಾ' ಎಂದು ಬರೆದರೆ ಬರೆಯದ ಹಾಗೆಯೇ. ಕೋಡಾದರೆ ರೆಪೋದ ಹೆಸರು, ಕೊನೆಯ ಕಮಿಟ್‌ನ ದಿನಾಂಕ. ಫೋಟೋಗಳಾದರೆ ಎಷ್ಟು, ಯಾವ ತಿಂಗಳಿಂದ ಯಾವ ತಿಂಗಳವರೆಗೆ. ಆಮೇಲೆ ಅಪ್ಪನಿಂದ ಒಂದು ಪುಟದ ಪತ್ರ ಬರೆಸಿ: ಈ ಪ್ರಾಜೆಕ್ಟಿಗೆ ಮಾತ್ರ, ಇಂಥ ದಿನಾಂಕದವರೆಗೆ, ವ್ಯಾಪಾರಕ್ಕೆ ಬಳಸುವಂತಿಲ್ಲ, ಬೇರೆ ಮಾದರಿಗಳ ತರಬೇತಿಗೆ ಬಳಸುವಂತಿಲ್ಲ, ಮೂರನೆಯವರಿಗೆ ಕೊಡುವಂತಿಲ್ಲ. ಅದನ್ನೂ ಅನುಬಂಧವನ್ನೂ ಗೈಡ್‌ಗೆ ಮತ್ತು ಕಂಪನಿಗೆ ಒಂದೇ ಈಮೇಲಿನಲ್ಲಿ ಕಳಿಸಿ, ದಿನಾಂಕ ಅದರಲ್ಲೇ ಕೂರುತ್ತದೆ. ಡೇಟಾವನ್ನು ನಿಮ್ಮದೇ ಫೋಲ್ಡರಿನಲ್ಲಿಟ್ಟು ಓದುವ ಅನುಮತಿ ಮಾತ್ರ ಕೊಡಿ, ಮತ್ತು ಡೌನ್‌ಲೋಡ್ ಆಯ್ಕೆಯನ್ನು ತೆಗೆದಿಡಿ. ವಾರಂಟಿಯ ಸಾಲಿಗೆ 'ನನಗೆ ತಿಳಿದ ಮಟ್ಟಿಗೆ' ಎಂದು ಸೇರಿಸಲು ಕೇಳಿ, ಇಂಡೆಮ್ನಿಟಿಯನ್ನು ತೆಗೆಯಲು ಕೇಳಿ. ಬಿಟ್ಟಿ ಕೆಲಸ ಮಾಡುವವನಿಂದ ಇಂಡೆಮ್ನಿಟಿ ಬೇಡುವುದು ನಾಚಿಕೆಗೇಡು. ಕೇಳಿದರೆ ಎಷ್ಟೋ ಸಲ ಮರುಮಾತಿಲ್ಲದೆ ತೆಗೆಯುತ್ತಾರೆ, ಏಕೆಂದರೆ ನೌಕರರಿಗೋ ಗುತ್ತಿಗೆದಾರರಿಗೋ ಬರೆದ ನಮೂನೆಯನ್ನೇ ಹೆಸರು ಬದಲಿಸಿ ಕಳಿಸಿರುತ್ತಾರೆ.

ಪೇಟೆಂಟಿನ ವಿಷಯದಲ್ಲಿ ಬಿಟ್ಟಿ ಕೆಲಸದವನಿಗೆ ಇನ್ನೊಂದು ಪೆಟ್ಟಿದೆ. ನೌಕರನ ಆವಿಷ್ಕಾರದಿಂದ ಕಂಪನಿಗೆ ಭಾರಿ ಲಾಭವಾದರೆ ಪೇಟೆಂಟ್ ಕಾಯ್ದೆಯ 40ನೇ ಕಲಮಿನಡಿ ಪರಿಹಾರ ಕೇಳಬಹುದು. 2019ರಲ್ಲಿ ಯೂನಿಲಿವರ್ ವಿರುದ್ಧದ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೀಗೆ 20 ಲಕ್ಷ ಪೌಂಡ್ ಕೊಡಿಸಿತು. ಆ ಕಲಂ ನೌಕರರಿಗೆ ಮಾತ್ರ. ಸಹಿ ಹಾಕಿದ ವಿದ್ಯಾರ್ಥಿಗೆ ಸಂಬಳವೂ ಇಲ್ಲ, ಈ ಪರಿಹಾರವೂ ಇಲ್ಲ. ಹಾಗಾಗಿ ಆದಾಯದಲ್ಲಿ ಪಾಲು ಬೇಕಿದ್ದರೆ ಕರಾರಿನಲ್ಲೇ ಬರೆಸಬೇಕು. ವಿಶ್ವವಿದ್ಯಾಲಯದ ಮೂಲಕ ಹೋದರೆ ಅದರ ಆದಾಯ ಹಂಚಿಕೆಯ ನಿಯಮ ನಿಮಗೂ ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ನಿಯಮ ಅನ್ಯಾಯದ್ದು, ಕೋರ್ಟು ಹೊಡೆದುಹಾಕುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಆಕ್ಸ್‌ಫರ್ಡ್ ನ್ಯಾನೋಇಮೇಜಿಂಗ್ ಪ್ರಕರಣದಲ್ಲಿ 2022ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಹೈಕೋರ್ಟ್, ಸಂಶೋಧನಾ ವಿದ್ಯಾರ್ಥಿಯನ್ನು ಗ್ರಾಹಕ, ಅಂದರೆ ಅನ್ಯಾಯದ ನಿಯಮಗಳ ವಿರುದ್ಧ ಕಾನೂನಿನ ರಕ್ಷಣೆ ಇರುವವನು, ಎಂದು ಒಪ್ಪಿಕೊಂಡಿತು. ಆದರೂ ವಿಶ್ವವಿದ್ಯಾಲಯದ ಐಪಿ ನಿಯಮ ಅನ್ಯಾಯದ್ದಲ್ಲ ಎಂದೇ ತೀರ್ಪು ಕೊಟ್ಟಿತು.

ಯಾರ ಪದ್ಧತಿ ಮೇಲು? ಕಾಪಿರೈಟಿನ ಮಟ್ಟಿಗೆ ನಮ್ಮದೇ. ಭಾರತದ 1957ರ ಕಾಯ್ದೆಯ 19ನೇ ಕಲಮಿನಲ್ಲಿ, ಅವಧಿ ಬರೆಯದಿದ್ದರೆ ಹಸ್ತಾಂತರ 5 ವರ್ಷಕ್ಕೆ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಬಡ ಬರಹಗಾರನನ್ನು ಯಾರೋ ನೆನೆದು ಬರೆದ ಕಲಂ ಅದು. ಬ್ರಿಟನ್ನಿನಲ್ಲಿ ಅಂಥ ಕರುಣೆಯಿಲ್ಲ. ಏನೂ ಬರೆಯದಿದ್ದರೆ ಪೂರ್ತಿ ಅವಧಿಗೆ, ಅಂದರೆ ನೀವು ಸತ್ತು 70 ವರ್ಷದವರೆಗೆ. ಕರಾರಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಕಾನೂನು ಎಂದಿರುವಾಗ ನಮ್ಮ ಕಲಂ ನೆರವಿಗೆ ಬರುವುದಿಲ್ಲ. ಹೆಸರು ಹಾಕಿಸಿಕೊಳ್ಳುವ ಹಕ್ಕೂ ಅಲ್ಲಿ ತಾನಾಗಿ ಬರುವುದಿಲ್ಲ, ಬರವಣಿಗೆಯಲ್ಲಿ ಸಾರಬೇಕು. ಕಂಪ್ಯೂಟರ್ ಪ್ರೋಗ್ರಾಮಿಗೆ ಆ ಹಕ್ಕೇ ಇಲ್ಲ. ಕೋಡು ಬರೆದವರು ಹೆಸರು ಬೇಕೆಂದರೆ ಕರಾರಿನಲ್ಲೇ ಕೇಳಬೇಕು.

ಗೋಪ್ಯತೆಯ ಭಾಗ ಅಷ್ಟು ಭಯಂಕರವಲ್ಲ. ಮೊದಲೇ ಗೊತ್ತಿದ್ದದ್ದು, ಜಗಜ್ಜಾಹೀರಾದದ್ದು, ಬೇರೆಯವರಿಂದ ನೇರವಾಗಿ ಸಿಕ್ಕಿದ್ದು, ಸ್ವತಂತ್ರವಾಗಿ ಕಂಡುಕೊಂಡದ್ದು, ಈ ನಾಲ್ಕು ವಿನಾಯಿತಿ ಇರಬೇಕು. ಕೊನೆಯ ದಿನಾಂಕ ಇರಬೇಕು. ಮರೆಯುವುದು ಎಂ.ಎಸ್ಸಿ.ಯ ಪ್ರಬಂಧವನ್ನು. ಗೈಡ್, ಪರೀಕ್ಷಕರು, ಹೊರಗಿನ ಪರೀಕ್ಷಕರು ಓದಬಹುದು ಎಂಬ ಸಾಲು ಇಲ್ಲದಿದ್ದರೆ ಪದವಿಗೆ ಸಲ್ಲಿಸಿದ್ದೇ ಕರಾರು ಮುರಿದಂತಾಗುತ್ತದೆ. ಆಗಸ್ಟಿನಲ್ಲಿ ಎರಡು ಅಧ್ಯಾಯ ಕಿತ್ತುಹಾಕಿ ಮತ್ತೆ ಬರೆಯುವ ಗತಿ ಬರುತ್ತದೆ. ವಿಶ್ವವಿದ್ಯಾಲಯ ಮತ್ತು ಕಂಪನಿಗಳ ನಡುವೆ ಬಳಸಲೆಂದೇ 2005ರಲ್ಲಿ ಬಂದ ಲ್ಯಾಂಬರ್ಟ್ ಮಾದರಿ ಕರಾರುಗಳಲ್ಲಿ ಈ ವಿನಾಯಿತಿ ಇದೆ. 'ಲ್ಯಾಂಬರ್ಟ್‌ನಲ್ಲಿ ಇರುವ ಹಾಗೆ' ಎಂದು ಕೇಳಿದರೆ ಅವರಿಗೆ ತಿಳಿಯುತ್ತದೆ.

ವೀಸಾದ ಬಗ್ಗೆ ಒಂದೇ ಮಾತು. ಸಂಬಳ ಇಲ್ಲ ಎಂದ ಮಾತ್ರಕ್ಕೆ ಅದು ಕೆಲಸವಲ್ಲ ಎಂದಾಗುವುದಿಲ್ಲ. ಕೋರ್ಸಿನ ಭಾಗವಲ್ಲದ ಬಿಟ್ಟಿ ಕೆಲಸವೂ ವಿದ್ಯಾರ್ಥಿ ವೀಸಾದ ವಾರಕ್ಕೆ 20 ಗಂಟೆಯ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಎಂ.ಎಸ್ಸಿ.ಯವರಿಗೆ ಪ್ರಬಂಧ ಬರೆಯುವ ಬೇಸಿಗೆಯೂ ಸಾಮಾನ್ಯವಾಗಿ ರಜೆಯಲ್ಲ, ಮಿತಿ ಆಗಲೂ ಇರುತ್ತದೆ. ಸಂಬಳದ ಬದಲು ಷೇರು ಕೊಡುತ್ತೇವೆ ಎಂದರೆ ಇನ್ನೂ ಎಚ್ಚರ: ಕಂಪನಿಯಲ್ಲಿ ಶೇ. 10 ಅಥವಾ ಹೆಚ್ಚು ಷೇರು ಹಿಡಿದು ಅಲ್ಲೇ ಕೆಲಸ ಮಾಡಿದರೆ ಸ್ವಂತ ಉದ್ಯಮ ಎನ್ನುತ್ತಾರೆ, ವಿದ್ಯಾರ್ಥಿ ವೀಸಾದಲ್ಲಿ ಅದು ನಿಷಿದ್ಧ.

ಸಲಹೆಗೆ ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರಕ್ಕೆ ಹೋಗಿ, ಬಿಟ್ಟಿ. ವಿಶ್ವವಿದ್ಯಾಲಯದ ತಂತ್ರಜ್ಞಾನ ವರ್ಗಾವಣೆ ಕಚೇರಿಯವರು ನಗುನಗುತ್ತಾ ಮಾತಾಡುತ್ತಾರೆ, ಆದರೆ ಅವರು ವಿಶ್ವವಿದ್ಯಾಲಯದ ಪರ.

ಇನ್ನು ಮನೆಯವರಿಗೊಂದು ಮಾತು. ಮಗಳೋ ಮಗನೋ ಹೊಸ ಯಂತ್ರ ಮಾಡಿದ್ದಾರೆಂದು ತಿಳಿದ ಕೂಡಲೇ ಮಡಿಕೇರಿಯ ಪತ್ರಿಕೆಗೆ ಫೋಟೋ ಸಮೇತ ಸುದ್ದಿ ಕೊಡುವ ಉತ್ಸಾಹ ಇರುತ್ತದೆ. ಅಮೆರಿಕದಲ್ಲಿ ಆವಿಷ್ಕಾರಕನೇ ಬಯಲು ಮಾಡಿದ್ದಕ್ಕೆ 12 ತಿಂಗಳ ವಿನಾಯಿತಿ ಇದೆ. ಬ್ರಿಟನ್ನಿನಲ್ಲಿ ಇಲ್ಲ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಕನ್ನಡದಲ್ಲಿ, ಕೊಡಗಿನ ಒಂದು ಪತ್ರಿಕೆಯಲ್ಲಿ ಅಚ್ಚಾದರೂ ಹೊಸತನ ಹೋಯಿತು, ಪೇಟೆಂಟ್ ಹೋಯಿತು. ಅರ್ಜಿ ಸಲ್ಲಿಸಿ ಸಂಖ್ಯೆ, ದಿನಾಂಕ ಕೈಗೆ ಬರಲಿ, ಗೋಪ್ಯತೆಯ ಅವಧಿ ಮುಗಿದಿದೆಯೇ ಎಂದು ಒಮ್ಮೆ ನೋಡಿ. ಆಮೇಲೆ ಫೋಟೋ ಕಳಿಸಿ.