ಬೋಗಾಂಗ್ ಶಿಖರ: ಒಂದೇ ದಿನದಲ್ಲಿ ಹತ್ತಿ ಇಳಿಯುವುದು ಹೇಗೆ?

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಬೋಗಾಂಗ್‌ಗಿಂತ ಎತ್ತರದ ಬೆಟ್ಟವಿಲ್ಲ: 1,986 ಮೀಟರ್. ನಡಿಗೆ ಶುರುವಾಗುವ ಮೌಂಟನ್ ಕ್ರೀಕ್ ಕ್ಯಾಂಪ್‌ಗ್ರೌಂಡ್ ಸುಮಾರು 600 ಮೀಟರ್ ಎತ್ತರದಲ್ಲಿದೆ. ಹತ್ತಬೇಕಾದದ್ದು ಹತ್ತಿರ ಹತ್ತಿರ 1,400 ಮೀಟರ್, ಸುತ್ತಿನ ಒಟ್ಟು ದೂರ ಸುಮಾರು 20 ಕಿ.ಮೀ. ಕುಕ್ಕೆಯಿಂದ ಕುಮಾರಪರ್ವತ ಏರಿದ ಮೆಲ್ಬರ್ನ್ ಕನ್ನಡಿಗರ ಕಾಲಿಗೆ ಈ ಏರು ಅಪರಿಚಿತವಲ್ಲ. ಅಪರಿಚಿತವಾದದ್ದು ಅಲ್ಲಿನ ಹವೆ.

ಯಾವಾಗ, ಎಷ್ಟು ಹೊತ್ತು?

ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಸರಿಯಾದ ಕಾಲ. ಚಳಿಗಾಲದ ಬೋಗಾಂಗ್ ಬೇರೆಯದೇ ಬೆಟ್ಟ; 2014ರ ಜುಲೈನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಇಬ್ಬರು ಇಲ್ಲಿ ಸತ್ತಿದ್ದಾರೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಮುನ್ಸೂಚನೆ ನೋಡಿ, ಅಪಾಯದ ಮಟ್ಟ ಏರಿದ್ದರೆ ಹೋಗಲೇಬೇಡಿ.

ಲೆಕ್ಕ ಹೀಗೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇಷ್ಟಕ್ಕೇ ಆರೂಕಾಲು ಗಂಟೆ ದಾಟುತ್ತದೆ. ಊಟ, ವಿಶ್ರಾಂತಿ, ಮಂಡಿನೋವು ಸೇರಿಸಿ ಒಂಬತ್ತು ಗಂಟೆ ಇಟ್ಟುಕೊಳ್ಳಿ. ಹಿಂದಿನ ರಾತ್ರಿ ತವೋಂಗ ಅಥವಾ ಮೌಂಟ್ ಬ್ಯೂಟಿಯಲ್ಲಿ ಉಳಿದು ಬೆಳಗ್ಗೆ ಏಳಕ್ಕೆ ಹೊರಡಿ. ಏಪ್ರಿಲ್ ಮಧ್ಯದಲ್ಲಿ ಸಂಜೆ ಆರಕ್ಕೇ ಕತ್ತಲು. ತಲೆಗೆ ಕಟ್ಟುವ ಟಾರ್ಚ್ ಬೇಕೇ ಬೇಕು.

ಚೀಲದಲ್ಲಿ ಏನಿರಬೇಕು?

ತಲಾ 3 ಲೀಟರ್ ನೀರು. ದಾರಿಯ ಗುಡಿಸಲುಗಳ ಟ್ಯಾಂಕ್ ತುಂಬಿರುತ್ತದೆಂದು ನಂಬಬೇಡಿ. ಚಪಾತಿ, ಚಿಕ್ಕಿ, ಉಪ್ಪು ಹಾಕಿದ ಕಡಲೆ ಸಾಕು. ಜೀನ್ಸ್ ಮನೆಯಲ್ಲಿರಲಿ: ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಮೇಲಿನ ಗಾಳಿ ಅದರ ಮೂಲಕ ಮೈಯ ಶಾಖ ಕಸಿಯುತ್ತದೆ. ಶಿಖರದಲ್ಲಿ ಕಣಿವೆಗಿಂತ 9 ಡಿಗ್ರಿಯಷ್ಟು ತಂಪು, ಗಾಳಿಯ ಹೊಡೆತ ಬೇರೆ. ಉಣ್ಣೆಯ ಅಂಗಿ, ಮಳೆಕೋಟು, ಕೈಗವಸು ಜನವರಿಯಲ್ಲೂ ಬೇಕು. ಮೊಬೈಲ್ ಸಿಗ್ನಲ್ ಭರವಸೆಯಿಲ್ಲದ್ದರಿಂದ ಉಪಗ್ರಹದ ಮೂಲಕ ನೆರವು ಕೋರುವ ತುರ್ತು ಬೀಕನ್ ಒಯ್ಯಿರಿ.

ಅಗಲದ ಎಲಾಸ್ಟಿಕ್ ಬ್ಯಾಂಡೇಜ್ ಎರಡು ಇರಲಿ, ಟೈಗರ್ ಹಾವಿನ ಸೀಮೆ ಇದು. ಕಚ್ಚಿದರೆ ತೊಳೆಯಬೇಡಿ. ಕಚ್ಚಿದ ಜಾಗವನ್ನೂ ಸೇರಿಸಿ ಇಡೀ ಕೈ ಅಥವಾ ಕಾಲಿಗೆ ಬಿಗಿಯಾಗಿ ಸುತ್ತಿ, ಕೋಲು ಕಟ್ಟಿ, ಅಲುಗಾಡದೆ ಮಲಗಿಸಿ ತುರ್ತು ಸಂಖ್ಯೆ 000ಗೆ ಕರೆ ಮಾಡಿ. (ಈ ಕಟ್ಟು ಅಲ್ಲಿನ ಹಾವುಗಳಿಗೆ, ನಮ್ಮ ಕೊಳಕುಮಂಡಲದ ಕಡಿತಕ್ಕೆ ಹೊಂದದು.)

ಏರುವುದು ಸ್ಟೇರ್‌ಕೇಸ್, ಇಳಿಯುವುದು ಎಸ್ಕ್‌ಡೇಲ್

ಇವೆರಡೂ ಬೆಟ್ಟದ ಏಣುಗಳು, ಅಂದರೆ ಕೆಳಕ್ಕೆ ಚಾಚಿದ ಬೆನ್ನುಗಳು. ಸ್ಟೇರ್‌ಕೇಸ್ ಏಣು ಕಡಿದು. ಅದನ್ನು ಹತ್ತುವಾಗ ಏದುಸಿರು ಬಂದರೂ ನಿಂತು ಸುಧಾರಿಸಿಕೊಳ್ಳಬಹುದು, ಇಳಿಯುವಾಗ ಮಂಡಿಗೆ ಆ ಅನುಕೂಲವಿಲ್ಲ. ಹಾಗಾಗಿ ಸುತ್ತನ್ನು ತಿರುಗಿಸಬೇಡಿ.

ಮೊದಲ 2 ಕಿ.ಮೀ. ತೊರೆಯ ಪಕ್ಕದ ಸಮತಟ್ಟು ದಾರಿ. ಇಲ್ಲಿ ಓಡುನಡಿಗೆ ಹಾಕಿದವರೇ ಬಿವ್ವಾಕ್ ಗುಡಿಸಲಿನಲ್ಲಿ ಕುಸಿದು ಕೂರುವುದು. ಮಾತಾಡಿಕೊಂಡು ಏರಲು ಆಗುವಷ್ಟೇ ವೇಗ ಸಾಕು. ನೆಟ್ಟಗೆ ನಿಂತ ಆಲ್ಪೈನ್ ಆ್ಯಶ್ ಮರಗಳು ಮುಗಿದು ಸೊಟ್ಟಪಟ್ಟ ಸ್ನೋ ಗಮ್ ಶುರುವಾಗುತ್ತವೆ. ಕಾಳ್ಗಿಚ್ಚಿಗೆ ಬೆಂದ ಸ್ನೋ ಗಮ್ ಬುಡದಿಂದ ಚಿಗುರುತ್ತದೆ. ಆ್ಯಶ್ ಸತ್ತರೆ ಬೀಜದಿಂದಲೇ ಹುಟ್ಟಬೇಕು. ಬಿಳಿಯಾಗಿ ನಿಂತ ಒಣಮರಗಳ ಕೆಳಗೆ ಊಟಕ್ಕೆ ಕೂರಬೇಡಿ, ಗಾಳಿಗೆ ಕೊಂಬೆ ಕಳಚುತ್ತವೆ.

ಮರಗಳು ಮುಗಿಯುವ ಗಡಿಯೇ ತೀರ್ಮಾನದ ಜಾಗ. ಅಲ್ಲೇ ನಿಂತು ಕೋಟು ತೊಡಿ, ಮೇಲೆ ಹೋದ ಮೇಲಲ್ಲ. ಹಿಮದಲ್ಲಿ ದಾರಿ ತೋರಲು ನೆಟ್ಟ ಕಂಬಗಳ ಸಾಲಿನಲ್ಲಿ ಮುಂದಿನ ಕಂಬ ಕಾಣದಿದ್ದರೆ, ಅಥವಾ ಗಂಟೆ ಒಂದಾಗಿದ್ದರೆ, ಬಂದ ದಾರಿಯಲ್ಲೇ ವಾಪಸ್. ಮೇಲ್ಭಾಗ ದುಂಡಗಿನ ಬಯಲು; ಮಂಜಿನಲ್ಲಿ ಎಲ್ಲ ಇಳಿಜಾರೂ ಒಂದೇ ಥರ, ದಕ್ಷಿಣಕ್ಕೆ ಜಾರಿದರೆ ನಿರ್ಜನ ಬಿಗ್ ರಿವರ್ ಕಣಿವೆ. 1936ರ ಆಗಸ್ಟ್‌ನಲ್ಲಿ ಹಿಮಗಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡ ಸ್ಕೀಗಾರ ಕ್ಲೀವ್ ಕೋಲ್ ಹೆಸರಿನ ಕಲ್ಲಿನ ಗುಡಿಸಲು ಈ ಬೆಟ್ಟದಲ್ಲೇ ಇದೆ.

ಮೇಲಿನ ಕುರುಚಲು ಹೀತ್ ಮೊಣಕಾಲೆತ್ತರ ಬೆಳೆಯಲೂ ವರ್ಷಗಟ್ಟಲೆ ಹಿಡಿಯುತ್ತದೆ. ಕೆಸರು ತಪ್ಪಿಸಲು ಪಕ್ಕಕ್ಕೆ ನಡೆದರೆ ಹೊಸ ಕಾಲುದಾರಿ, ಅದರಲ್ಲಿ ಮಳೆನೀರು, ಆಮೇಲೆ ಕೊರಕಲು. ಕೆಸರಲ್ಲೇ ಕಾಲಿಡಿ.

ಶಿಖರದ ಕಲ್ಲುಗುಪ್ಪೆಯಿಂದ ಪೂರ್ವಕ್ಕೆ ಮರಳಿ ಕಂಬಗಳನ್ನು ಹಿಡಿದು ಎಸ್ಕ್‌ಡೇಲ್ ಏಣಿನ ಮೇಲ್ತುದಿಗೆ ಬನ್ನಿ. ಇಳಿಯುವ ಮೊದಲು ಬೂಟಿನ ದಾರ ಪಾದದ ಮೇಲೆ ಬಿಗಿ ಮಾಡಿ, ಇಲ್ಲದಿದ್ದರೆ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಮಿಚೆಲ್ ಗುಡಿಸಲು ದಾಟಿ ಕ್ಯಾಂಪ್ ಕ್ರೀಕ್ ಗ್ಯಾಪ್ ತಲುಪಿದ ಮೇಲೂ ಕಾರಿಗೆ ದೂರವಿದೆ. ಅರ್ಧ ಲೀಟರ್ ನೀರು ಅಲ್ಲಿಗೆಂದೇ ಉಳಿಸಿ. ಕಾರು ಹತ್ತುವ ಮೊದಲು ಬೂಟು, ಸಾಕ್ಸ್ ಬ್ರಷ್‌ನಿಂದ ಉಜ್ಜಿ, ಹಾಕ್‌ವೀಡ್ ಕಳೆಯ ಬೀಜ ಹರಡುವುದು ಹೀಗೆಯೇ. ಮೆಲ್ಬರ್ನ್ ನಾಲ್ಕು ತಾಸಿಗೂ ಹೆಚ್ಚಿನ ಡ್ರೈವ್. ಅಂದೇ ರಾತ್ರಿ ಹೊರಡುವ ಯೋಚನೆ ಬೇಡ.